ಕಂಚಿನ ಕೆನ್ನೆಯ ಗೆರೆ

ನಾನು ಚಿಕ್ಕವನಿದ್ದಾಗ ಬಲು ಪುಕ್ಕಲ. ನಗಬೇಡಿ ಮಕ್ಕಳೇ! ಕರೋಲ್ ಬಾಗ್‌ನ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ ಒಂದು ಬೆಳಗ್ಗೆ ಏನಾಯಿತೆಂದು ಕೇಳಿದರೆ ನಿಮ್ಮ ಎದೆಯೂ ಡವಡವ ಅಂದೀತು.

ಅಪ್ಪ ಊರಿನಿಂದ ದೆಹಲಿಗೆ ಬಂದು ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯುತ್ತಿದ್ದರು. ನಿದ್ದೆ ಹೋದ ಮಗುವಿನ ಪ್ರತಿಮೆಯೊಂದಕ್ಕೆ ಮುಖ ಬೇಕಿತ್ತು. ಮುಖದ ಮೇಲೆ ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೆಯಬೇಕು, ಆ ಅಚ್ಚಿನಿಂದ ಮೇಣದ ಮುಖ ಮಾಡಬೇಕು. ಅದಕ್ಕೆ ಮಣ್ಣು ಮೆತ್ತಿ ಸುಟ್ಟರೆ ಮೇಣ ಕರಗಿ ಹರಿದುಹೋಗುತ್ತದೆ, ಅದು ಬಿಟ್ಟ ಜಾಗಕ್ಕೆ ಕರಗಿಸಿದ ಕಂಚು ಹೊಯ್ಯುತ್ತಾರೆ. ಇಷ್ಟೆಲ್ಲ ಆಗಬೇಕಾದರೆ ಮೊದಲು ನಾನು ಅಲ್ಲಾಡದೆ ಮಲಗಬೇಕಿತ್ತು.

ಅಪ್ಪ ನನ್ನ ಮುಖಕ್ಕೆಲ್ಲ ಕೊಬ್ಬರಿ ಎಣ್ಣೆ ಸವರಿದರು, ಹುಬ್ಬಿಗೆ ಇನ್ನಷ್ಟು. ಕಿವಿಗೆ ಹತ್ತಿ ಇಟ್ಟರು. ಉಸಿರಾಡಲು ಮೂಗಿಗೆ ಯಾವಾಗಲೂ ಒಣಹುಲ್ಲಿನ ಕೊಳವೆ ಸಿಕ್ಕಿಸುವುದು ವಾಡಿಕೆ. ಅವತ್ತು ಅದು ಸಿಗದೆ ಕಾಗದವನ್ನೇ ಸುರುಳಿ ಸುತ್ತಿ ಸಿಕ್ಕಿಸಿದರು. ಅಕ್ಕ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು.

"ಉಸಿರು ಕಟ್ಟಿದ್ರೆ ಜೋರಾಗಿ ಹಿಂಡು. ನಾನಿದೀನಿ" ಎಂದಳು.

ತಣ್ಣನೆಯ ಪ್ಲಾಸ್ಟರ್ ಕಣ್ಣಿನ ಮೇಲೆ, ತುಟಿಯ ಮೇಲೆ ಬಿತ್ತು. ಗಲ್ಲಿಯಲ್ಲಿ ಕೂಗುತ್ತಿದ್ದ ತರಕಾರಿ ಭಯ್ಯಾನ ದನಿ ಎಲ್ಲೋ ದೂರ ಹೋಯಿತು. ಪ್ಲಾಸ್ಟರ್ ಗಟ್ಟಿಯಾಗುತ್ತಾ ಬಿಸಿಯಾಗತೊಡಗಿತು. ಅಷ್ಟರಲ್ಲಿ ಒದ್ದೆಯಾದ ಕಾಗದ ಮೆತ್ತಗಾಗಿ ಮೂಗಿನ ಒಂದು ಹೊಳ್ಳೆ ಮುಚ್ಚಿತು, ಆಮೇಲೆ ಇನ್ನೊಂದು. ಬಾಯಿ ತೆರೆಯುವ ಹಾಗಿಲ್ಲ, ಕೂಗುವ ಹಾಗಿಲ್ಲ. ಸತ್ತೇಹೋದೆ ಅಂದುಕೊಂಡೆ. ಉಗುರು ನಾಟುವ ಹಾಗೆ ಅಕ್ಕನ ಕೈ ಹಿಂಡಿದೆ.

ನನಗೆ ಉಸಿರು ಕಟ್ಟುತ್ತಿದೆ ಎಂದು ಅಕ್ಕ ಹೇಳಿದರೂ, ನಾನು ಸುಮ್ಮನೆ ಹೆದರಿದ್ದೇನೆ ಎಂದುಕೊಂಡರು ಅಪ್ಪ. ಇನ್ನೊಂದು ನಿಮಿಷ ತಡಿ, ಈಗ ತೆಗೆದರೆ ಅಚ್ಚು ಒಡೆಯುತ್ತದೆ ಎಂದದ್ದು ಹತ್ತಿಯೊಳಗಿಂದ ಮಂದವಾಗಿ ಕೇಳಿಸಿತು. ಅಪ್ಪನ ಮಾತು ಮೀರುವ ಹುಡುಗಿಯಲ್ಲ ಅಕ್ಕ. ಆದರೆ ಅವತ್ತು ನನ್ನ ಗದ್ದದ ಕೆಳಗೆ ಬೆರಳು ತೂರಿಸಿ ಅಚ್ಚನ್ನು ಕಿತ್ತೇಬಿಟ್ಟಳು. ಅದು ಕೆನ್ನೆಯ ಹತ್ತಿರ ಎರಡು ಹೋಳಾಯಿತು. ನಾನು ಗಬಗಬನೆ ಗಾಳಿ ನುಂಗಿ ಹೋ ಎಂದು ಅತ್ತೆ.

ಹಿಸುಕಿಹೋಗಿದ್ದ ಕಾಗದದ ಕೊಳವೆಗಳನ್ನು ಅಪ್ಪ ಕೈಗೆತ್ತಿಕೊಂಡು ನೋಡಿದರು.

"ನನ್ನ ಮಾತು ಕೇಳದಿದ್ದದ್ದೇ ಒಳ್ಳೇದಾಯ್ತು ಮಗಳೇ" ಎಂದರು.

ಆಮೇಲೆ ಆ ಹೋಳುಗಳನ್ನೇ ಜೋಡಿಸಿ ಎರಕ ಹೊಯ್ದರು. ಜೋಡಿಸಿದಲ್ಲಿ ಕಂಚಿನ ಕೆನ್ನೆಯ ಮೇಲೆ ಒಂದು ಗೆರೆ ಎದ್ದಿತು. ಅದನ್ನು ಅರದಿಂದ ಉಜ್ಜಿ ತೆಗೆಯುವುದು ಅಪ್ಪನಿಗೆ ಎಷ್ಟರ ಕೆಲಸ? ತೆಗೆಯಲಿಲ್ಲ. ಆ ಮುಖವನ್ನು ಯಾರಿಗೂ ಕೊಡಲೂ ಇಲ್ಲ. ನಮ್ಮ ಷೋಕೇಸಿನಲ್ಲಿರುವುದು ಅದೇ, ನೀವು ದಿನಾ ಬೆರಳಾಡಿಸುವುದೂ ಅದೇ ಗೆರೆಯ ಮೇಲೆ.

ಈಗ ಫೋನು ಕಣ್ಣು ಮಿಟುಕಿಸುವುದರೊಳಗೆ ನಿಮ್ಮ ಮುಖ ಹಿಡಿಯುತ್ತದೆ. ಎಣ್ಣೆ ಬೇಡ, ಕೊಳವೆ ಬೇಡ, ಹೆದರಿಕೆಯೂ ಬೇಡ. ಮೊನ್ನೆ ನಮ್ಮ ಲಿಫ್ಟ್ ನಡುವೆ ನಿಂತು ಕತ್ತಲಾಯಿತಲ್ಲ ಪುಟ್ಟಾ, ಆಗಲೂ ಫೋನು ನಿನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗೆ ಬಿಟ್ಟು ನೀನು ನಿನ್ನ ಅಕ್ಕನ ಕೈ ಹಿಂಡಿದೆ.