ಅಲ್ಸೀಡ್‌ನನ್ನು ಊರಿಗೆ ತಂದದ್ದು

ಲಿಯೊಂಟೀನ್ ರೋಶಾನ್ ಹುಟ್ಟಿದ್ದು ನ್ಯೂ ಆರ್ಲಿಯನ್ಸ್‌ನ ಟ್ರೆಮೆ ಕೇರಿಯಲ್ಲಿ. ಆಗ ಕೇರಿಯ ಕ್ಲೇಬೋರ್ನ್ ರಸ್ತೆಯ ನಡುವೆ ಓಕ್ ಮರಗಳ ಸಾಲಿತ್ತು. ಕರಿಯರ ಅಂಗಡಿ, ಹಬ್ಬ, ಹರಟೆ ಎಲ್ಲ ಅದರ ನೆರಳಲ್ಲೇ. ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ, ಸರ್ಕಾರದವರು ಬಂದು ಮರಗಳನ್ನು ಉರುಳಿಸಿದರು. ಆ ಜಾಗದಲ್ಲಿ ಕಂಬಗಳೆದ್ದವು, ಕಂಬಗಳ ಮೇಲೆ ಹೆದ್ದಾರಿ ಬಂತು. ಒಂದೊಂದೇ ಅಂಗಡಿ ಬಾಗಿಲು ಹಾಕಿತು. ಅಮ್ಮ ನಡೆಸುತ್ತಿದ್ದ, ಹೆಂಗಸರ ತಲೆಗೂದಲು ಬಾಚುವ ಅಂಗಡಿಯೂ ಮುಚ್ಚಿತು. ಲಿಯೊಂಟೀನ್ ಅದೇ ಕಸುಬನ್ನು ಅಡುಗೆಮನೆಯಲ್ಲಿ ಮಾಡಿಕೊಂಡು ಬದುಕಿದಳು.

ಗಂಡ ಅಲ್ಸೀಡ್ ಬ್ಯಾಂಡಿನಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಕಹಳೆ ಊದುತ್ತಿದ್ದ. ಕೇರಿಯಲ್ಲಿ ಯಾರು ಸತ್ತರೂ ಅವನು ಮುಂದೆ. ಸ್ಮಶಾನದವರೆಗೆ ಅಳಿಸುವ ರಾಗ, ಮಣ್ಣಾದ ಮೇಲೆ ಕುಣಿಸುವ ರಾಗ.

ಆಮೇಲೆ ಚಂಡಮಾರುತ ಬಂತು, ಒಡ್ಡು ಒಡೆಯಿತು, ಊರು ಮುಳುಗಿತು. ಬಸ್ಸು ಅವರನ್ನು ಪಕ್ಕದ ರಾಜ್ಯದ ಹ್ಯೂಸ್ಟನ್ನಿಗೆ ಒಯ್ದು ಇಳಿಸಿತು. ಆ ಚಳಿಗಾಲದಲ್ಲೇ ಅಲ್ಸೀಡ್ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಪರವೂರಿನ ಮಣ್ಣಿನಲ್ಲಿ, ವಾದ್ಯದ ಸದ್ದಿಲ್ಲದೆ ಅವನನ್ನು ಹೂಳಿದರು. ಮಗಳು ವರ್ನೆಲ್ ಅಲ್ಲೇ ನೆಲೆಯೂರಿದಳು. ಲಿಯೊಂಟೀನ್ ಮಾತ್ರ ವಾಪಸು ಬಂದು, ಪಾಚಿಗಟ್ಟಿದ ಮನೆ ತೊಳೆದು, ಗಂಡನ ಪೆಟ್ಟಿಗೆ ಅಗೆಸಿ ಊರಿಗೆ ತರಲು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಳು.

ಕೊನೆಗೂ ಒಪ್ಪಿಗೆ ಸಿಕ್ಕಿತು. ಅಲ್ಸೀಡ್‌ನ ಹಳೆಯ ಜೊತೆಗಾರ, ಟ್ರಾಂಬೋನ್ ಊದುವ ಥಿಯೊಫೀಲ್ ತಲೆ ಕೆರೆದುಕೊಂಡ.

"ಬ್ಯಾಂಡ್ ತರ್ತೀನಿ, ಮಿಸ್ ಲಿಯೊಂಟೀನ್. ಮೆರವಣಿಗೇಲಿ ಪೆಟ್ಟಿಗೆ ಹಿಂದೆ ನಡೆಯೋ ಜನಾನ ಎಲ್ಲಿಂದ ತರ್ಲಿ? ಈ ಬೀದೀಲಿ ನಮ್ಮೋರು ಅಂತ ಯಾರಿದಾರೆ?"

"ನೀನು ಊದು ಮಾರಾಯ. ಸದ್ದು ಕೇಳಿದ್ರೆ ಜನ ತಾವಾಗೇ ಬರ್ತಾರೆ."

ಜನ ಬಂದರು. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಬಿಟ್ಟ ಮನೆಗಳ ಜಗಲಿಗಳಿಂದ ಇಳಿದು, ಕೈಯಲ್ಲಿ ಫೋನು, ಪ್ಲಾಸ್ಟಿಕ್ ಲೋಟ ಹಿಡಿದು ಬಂದರು. ಹೆದ್ದಾರಿಯ ಕೆಳಗೆ ಡೋಲಿನ ಸದ್ದು ಗುಡುಗಿದಾಗ ಶಿಳ್ಳೆ ಹಾಕಿದರು. ಬ್ಯಾಂಡಿನವರನ್ನು ಬಿಟ್ಟರೆ ಲಿಯೊಂಟೀನ್‌ಗೆ ಗುರುತಿನ ಮುಖ ಒಂದೂ ಕಾಣಲಿಲ್ಲ. ಮಗಳಿಗೂ ಕೆಲಸದಿಂದ ರಜೆ ಸಿಕ್ಕಿರಲಿಲ್ಲ. ಪಕ್ಕದಲ್ಲಿ ಕುಣಿಯುತ್ತಿದ್ದ ಹುಡುಗಿಯೊಬ್ಬಳು ಬಗ್ಗಿ ಕೇಳಿದಳು:

"ಮ್ಯಾಮ್, ಇದು ದಿನಾ ಇರುತ್ತಾ? ನಾಳೆ ಎಷ್ಟೊತ್ತಿಗೆ?"

"ಆ ಪೆಟ್ಟಿಗೇಲಿರೋದು ನನ್ನ ಗಂಡ ಕಣಮ್ಮ."

"ಅಯ್ಯೋ, ನಿಜವಾದ್ದಾ? ಸಖತ್ತಾಗಿದೆ!" ಎಂದ ಹುಡುಗಿ ಗೆಳತಿಯರನ್ನು ಕೂಗಿ ಕರೆದಳು.

ರೋಶಾನ್ ಮನೆತನದ ಗೋರಿಯೊಳಗೆ ಪೆಟ್ಟಿಗೆ ಇಳಿಯಿತು. ಇನ್ನು ಕುಣಿಸುವ ರಾಗ. ರೂಢಿಯಂತೆ ಹೆಂಡತಿ ಕೊಡೆ ಬಿಚ್ಚಿ ಮೊದಲ ಹೆಜ್ಜೆ ಹಾಕಬೇಕು. ಗೇಟಿನಾಚೆ ಫೋನುಗಳು ಮೇಲೆದ್ದು ಕಾಯುತ್ತಿದ್ದವು.

"ಶುರು ಮಾಡ್ಲಾ?" ಥಿಯೊಫೀಲ್ ಮೆಲ್ಲಗೆ ಕೇಳಿದ.

"ಬೇಡ ಕಣೋ. ಇವರ ಮುಂದೆ ನನ್ನ ಕೈಲಾಗಲ್ಲ."

"ಅಲ್ಸೀಡ್ ಬೇಜಾರು ಮಾಡ್ಕೋತಾನೆ."

"ಮಾಡ್ಕೊಳ್ಲಿ. ನಡಿ."

ಇಷ್ಟೇನಾ ಎಂದು ಗೊಣಗುತ್ತ ಜನ ಚದುರಿದರು.

ಗುರುತಿನವರಿಲ್ಲದ ಬೀದಿಯಲ್ಲಿ ಇರಲಾರದೆ ಆ ವರ್ಷವೇ ಅವಳು ಮನೆ ಮಾರಿದಳು. ಕೊಂಡವನು ಬಣ್ಣ ಬಳಿಸಿ ಬಾಡಿಗೆಗೆ ಬಿಟ್ಟ. ಲಿಯೊಂಟೀನ್ ಹ್ಯೂಸ್ಟನ್ನಿನಲ್ಲಿ ಮಗಳ ಮನೆಯ ಹಿಂಕೋಣೆ ಸೇರಿದಳು. ಯಾವ ಊರಿನಿಂದ ಗಂಡನನ್ನು ಬಿಡಿಸಿ ತಂದಿದ್ದಳೋ ಅದೇ ಊರಿನಲ್ಲಿ ಈಗ ಅವನಿಲ್ಲದೆ ಅವಳು ಉಳಿದಳು. ಸತ್ತವರ ಹಬ್ಬಕ್ಕೆ ಕೆಲವು ವರ್ಷ ಥಿಯೊಫೀಲ್ ಗೋರಿಗೆ ಸುಣ್ಣ ಹೊಡೆದ. ಅವನಿಗೂ ಮಂಡಿ ಹೋದ ಮೇಲೆ ಅದನ್ನು ಕೇಳುವವರಿಲ್ಲದಾಯಿತು.