ಜೋಗುಪಾಳ್ಯದ ಬಸ್ಸಿನ ಸುಶೀಲಕ್ಕ

ಕಂಡಕ್ಟರ್ ಸುಶೀಲಕ್ಕ ಬಸ್ಸಿನಲ್ಲಿ ಕೂತದ್ದನ್ನು ನಾನು ನೋಡಿಯೇ ಇಲ್ಲ. ತಮ್ಮ ಸೀಟನ್ನು ಬಸುರಿಗೋ ಮುದುಕರಿಗೋ ಬಿಟ್ಟುಕೊಟ್ಟು, ಬಾಗಿಲ ಪಕ್ಕದ ಕಂಬಿಗೆ ಒರಗಿ ನಿಂತಿರುತ್ತಿದ್ದರು. "ಹಲಸೂರು ಇಳಿಯೋರು ಮುಂದೆ ಬನ್ನಿ" ಎಂದು ಕನ್ನಡದಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ ಕೂಗುವರು. ಮನೆಯಲ್ಲಿ ಉರ್ದು ಆಡುವ ನಮ್ಮಂಥವರನ್ನು ಕಂಡರೆ ಮರ್ಫಿ ಟೌನಿನ ನೆರೆಮನೆಯವರಿಂದ ಕಲಿತ ಹರಕುಮುರುಕು ದಖನಿ ಉರ್ದುವೂ ಹೊರಬರುತ್ತಿತ್ತು. ನಾನು ನಕ್ಕರೆ, "ನಗಿ ಟೀಚರಮ್ಮ. ಅರ್ಥ ಆಯ್ತಲ್ಲ, ಸಾಕು" ಅನ್ನುವರು.

ಶಿವಾಜಿನಗರದಿಂದ ಹಲಸೂರು, ಜೋಗುಪಾಳ್ಯ, ಇಂದಿರಾನಗರ ಹಾದು ಕೆ.ಆರ್. ಪುರಕ್ಕೆ ಹೋಗುವ ಬಸ್ಸು ಅದು. ನನ್ನ ಮನೆ ಶಿವಾಜಿನಗರದ ತುದಿಯಲ್ಲಿ, ಶಾಲೆ ಇನ್ನೊಂದು ತುದಿಯಲ್ಲಿ. ಕೆ.ಆರ್. ಪುರದ ಕಡೆಯ ಹೆಂಗಸರು ಸೊಪ್ಪಿನ ಬುಟ್ಟಿಗಳನ್ನು ಅದರಲ್ಲೇ ಮಾರ್ಕೆಟ್ಟಿಗೆ ತರುತ್ತಿದ್ದರು. ಮೆಟ್ರೋ ಬಂದ ಮೇಲೆ ಟ್ರಿಪ್ಪುಗಳು ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಸುಶೀಲಕ್ಕನ ಬಸ್ಸೊಂದೇ ಉಳಿಯಿತು. ಅದನ್ನೂ ನಿಲ್ಲಿಸುತ್ತಾರಂತೆ ಎಂಬ ಮಾತು ಆಗಲೇ ಓಡಾಡುತ್ತಿತ್ತು.

ಆ ದಿನಗಳಲ್ಲೇ ಒಂದು ಸಂಜೆ ಇಂದಿರಾನಗರದ ಸ್ಟಾಪಿನಲ್ಲಿ ಒಬ್ಬ ಓಡಿ ಬಂದು ಬಸ್ಸಿಗೆ ಹಾರಿದ. ಅಂಗಿ ಹರಿದಿತ್ತು, ತುಟಿಯಲ್ಲಿ ರಕ್ತ. ಅವನ ಗೂಡ್ಸ್ ಆಟೋ ಯಾರದೋ ಬೈಕಿಗೆ ತಗುಲಿತ್ತಂತೆ. ಅಷ್ಟರಲ್ಲಿ ನಾಲ್ಕೈದು ಬೈಕುಗಳು ಬಂದು ಬಸ್ಸಿನ ಮುಂದೆ ಅಡ್ಡ ನಿಂತವು. ಡ್ರೈವರ್ ನಂಜಪ್ಪ ಬಾಗಿಲು ಮುಚ್ಚಿದರು. ಹುಡುಗರು ಬಾಗಿಲಿಗೆ ಗುದ್ದತೊಡಗಿದರು.

"ಅವನನ್ನ ಇಳಿಸ್ರೀ. ನಿಮ್ಗೇನೂ ಮಾಡಲ್ಲ."

ಒಳಗಿದ್ದವರಲ್ಲೂ ಒಬ್ಬರು, "ಇಳಿಸ್ಬಿಡಿ ಮೇಡಂ, ನಮಗ್ಯಾಕೆ? ಮಕ್ಕಳಿದಾರೆ ಒಳಗೆ" ಅಂದರು. ಅವರು ಹೇಳಿದ್ದು ಸುಳ್ಳೇನಲ್ಲ. ನನ್ನ ಪಕ್ಕದ ತಾಯಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು.

ಸುಶೀಲಕ್ಕ ಆ ಮನುಷ್ಯನ ಹತ್ತಿರ ಹೋಗಿ, ದಿನವೂ ಕೇಳುವ ದನಿಯಲ್ಲೇ ಕೇಳಿದರು: "ಎಲ್ಲಿಗಪ್ಪ?"

ಅವನು ಕಂಬಿ ಹಿಡಿದು ನೆಟ್ಟಗೆ ನಿಂತ. ಆಮೇಲೆ, "ಶಿವಾಜಿನಗರ" ಅಂದ.

ಟಿಕೆಟ್ ಹರಿದು ಅವನ ಕೈಗಿಟ್ಟು, ಕಿಟಕಿಯ ಹತ್ತಿರ ಬಂದು ಹೊರಗಿನವರಿಗೆ ಹೇಳಿದರು: "ಟಿಕೆಟ್ ತಗೊಂಡಿದಾನೆ. ಇಳಿಯೋ ಜಾಗ ಶಿವಾಜಿನಗರ. ನಡುವೆ ಇಳಿಸೋಕೆ ನಂಗೆ ಅಧಿಕಾರ ಇಲ್ಲ."

ಕಲ್ಲು ಬಂತು. ಕಿಟಕಿಯ ಗಾಜು ಪುಡಿಯಾಗಿ ಅವರ ಹಣೆ ಸೀಳಿತು. "ಎಲ್ರೂ ಬಗ್ಗಿ" ಎಂದವರೇ, ರಕ್ತ ಒರೆಸಿಕೊಳ್ಳದೆ ನಂಜಪ್ಪನವರ ಕಡೆ ತಿರುಗಿದರು. "ಅಣ್ಣ, ಜೋಗುಪಾಳ್ಯ ಬೇಡ. ಪೊಲೀಸ್ ಸ್ಟೇಷನ್‌ಗೆ ಬಿಡಿ."

ನಂಜಪ್ಪ ಹಾರ್ನ್ ಒತ್ತಿ ಹಿಡಿದು ಬಸ್ಸನ್ನು ಇಂಚಿಂಚಾಗಿ ಮುಂದೆ ತಂದರು. ಕೊನೆಗೆ ಬೈಕುಗಳು ಸರಿದು ದಾರಿ ಬಿಟ್ಟವು. ಸ್ಟೇಷನ್ ಗೇಟಿನೊಳಗೆ ಬಸ್ಸು ನಿಂತಾಗ ಹಿಂದೆ ಬರುತ್ತಿದ್ದ ಬೈಕುಗಳು ಚದುರಿದವು. ಆ ಮನುಷ್ಯ ಕೆಳಗಿಳಿದು ಸುಶೀಲಕ್ಕನ ಕಾಲಿಗೆ ಬಗ್ಗಿದ. ಅವರು ಹಿಂದೆ ಸರಿದು, "ಒಳಗ್ ಹೋಗಪ್ಪ, ಮೊದ್ಲು ನೀರು ಕುಡಿ" ಅಂದರು.

ದಾರಿ ಬಿಟ್ಟು ಬಸ್ಸು ಒಯ್ದದ್ದಕ್ಕೆ ಮೇಲಿನವರು ಸುಶೀಲಕ್ಕನನ್ನು ವಿಚಾರಣೆಗೆ ಕರೆದರು. ನಾನು, ಸೊಪ್ಪಿನ ಹೆಂಗಸರು, "ಇಳಿಸ್ಬಿಡಿ" ಅಂದಿದ್ದವರು ಕೂಡ ಹೋಗಿ ನಡೆದದ್ದನ್ನು ಹೇಳಿದೆವು. ಸುಶೀಲಕ್ಕನ ಕೆಲಸ ಉಳಿಯಿತು. ರೂಟು ಉಳಿಯಲಿಲ್ಲ. "ಈ ಹೆಂಗಸ್ರು ಬುಟ್ಟಿ ಹೊತ್ಕೊಂಡು ಮೆಟ್ರೋ ಮೆಟ್ಟಿಲು ಹತ್ತೋದ್ ಹೆಂಗೆ ಸಾರ್?" ಎಂದು ಸುಶೀಲಕ್ಕ ವಿಚಾರಣೆಯಲ್ಲೇ ಕೇಳಿದರು. ಅಧಿಕಾರಿ ತಲೆ ತಗ್ಗಿಸಿ, "ನನ್ ಕೈಲಿಲ್ಲಮ್ಮ" ಅಂದರು.

ಕೊನೆಯ ಟ್ರಿಪ್ಪಿನಲ್ಲಿ ನಾವು ಕೆಲವರೇ ಇದ್ದೆವು. ಸುಶೀಲಕ್ಕನ ಹಣೆಯ ಗಾಯ ಇನ್ನೂ ಕೆಂಪಗಿತ್ತು. ನಗರದ ಇನ್ನೊಂದು ಮೂಲೆಯ ಡಿಪೋಗೆ ಅವರನ್ನು ಹಾಕಿದ್ದರು. ಶಿವಾಜಿನಗರದಲ್ಲಿ ಎಲ್ಲರೂ ಇಳಿದ ಮೇಲೆ ನಾನು ಏನೋ ಹೇಳಲು ನಿಂತೆ.

"ಟೀಚರಮ್ಮ, ನಾಳೆ ಬೇಗ ಮನೆ ಬಿಡಿ" ಅಂದರು ಅವರು. "ಎರಡು ಬಸ್ ಬದಲಾಯಿಸ್ಬೇಕು."

ಬೇಗನೇ ಹೊರಟೆ. ಆದರೂ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು, ಮಕ್ಕಳು ಸಾಲಾಗಿ ತರಗತಿಗೆ ಹೋಗುತ್ತಿದ್ದರು. ಸುಶೀಲಕ್ಕನನ್ನು ಮತ್ತೆ ನಾನು ನೋಡಿಲ್ಲ.