ಅಮ್ಮನ ಮಾರ್ಫಿನ್ ಚೀಟಿ

ಸ್ನೇಹಿತರೇ, ಅಮ್ಮನ ಮಾರ್ಫಿನ್ ಮಾತ್ರೆ ನಿನ್ನೆಗೆ ಮುಗಿಯಿತು. ಮೂಳೆಗೆ ಇಳಿದ ಕ್ಯಾನ್ಸರ್. ಮಗ್ಗುಲು ಬದಲಿಸಿದರೂ ಚೀರುತ್ತಾಳೆ. ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹಿಡಿದು ಹೋಗಿ, ಶಿವಮೊಗ್ಗದ ಡಾಕ್ಟರ ಮುಂದೆ ಹಳೇ ಚೀಟಿ ಇಟ್ಟೆ.

"ಪೇಷಂಟನ್ನ ಕರ್ಕೊಂಡ್ ಬನ್ನಿ. ನೋಡ್ದೆ ಬರಿಯಂಗಿಲ್ಲ, ರೂಲ್ಸು."

"ನೋವಿಗೆ ಎದ್ದು ಕೂರಕ್ಕೇ ಆಗಲ್ಲ ಸರ್, ಹೆಂಗೆ ಕರ್ಕೊಂಡ್ ಬರ್ಲಿ?"

"ಒಂದು ಮಾತ್ರೆ ಕೊಟ್ಟು ಕರ್ಕೊಂಡ್ ಬನ್ನಿ."

"ಆ ಮಾತ್ರೆ ಮುಗೀತು ಅಂತಾನೇ ಬಂದಿರೋದು ಸರ್."

ಅವರು ತಲೆ ತಗ್ಗಿಸಿದರು. "ತಪಾಸಣೆಗೆ ಬರ್ತಾರಮ್ಮ, ನನ್ನ ಲೈಸೆನ್ಸ್ ಹೋಗುತ್ತೆ. ಜನಕ್ಕೆ ಚಟ ಹತ್ತಬಾರ್ದು ಅಂತ ಮಾಡಿರೋ ಕಾನೂನು."

ಬರಿಗೈಲಿ ಭದ್ರಾವತಿಯ ಕಾಗದನಗರದ ಮನೆಗೆ ಬಂದೆ.

"ಸಿಕ್ತೇನೇ?" ಎಂದಳು ಅಮ್ಮ.

"ನಾಳೆ ಕೊಡ್ತಾರಂತೆ" ಎಂದು ಸುಳ್ಳು ಹೇಳಿದೆ.

ಬದುಕುವುದು ಹೆಚ್ಚೆಂದರೆ ಇನ್ನೊಂದು ತಿಂಗಳು ಎಂದು ಇದೇ ಡಾಕ್ಟರು ಹೇಳಿದ್ದಾರೆ. ಅಷ್ಟರೊಳಗೆ ಅಮ್ಮನಿಗೆ ಚಟ ಹತ್ತದಂತೆ ಸರ್ಕಾರ ಕಾಪಾಡುತ್ತಿದೆ.